ಸೀಟಿನ ಹೊಟ್ಟೆಯಲ್ಲಿ ಸಜ್ಜೆ ರೊಟ್ಟಿ

"ಅಕ್ಕಾ, ಗಟ್ಟಿಯಾಗಿ ಹಿಡ್ಕೊಳ್ಳಿ! ಬಿಟ್ರೆ ಸ್ಪ್ರಿಂಗ್ ಸೀದಾ ಮುಖಕ್ಕೆ ಬರತ್ತೆ!"

ನೀತಾ ಹಿಡಿದುಕೊಂಡಳು. ಹಿಡಿದುಕೊಳ್ಳದೆ ಇನ್ನೇನು ಮಾಡುವುದು? ನಲವತ್ತೇಳನೇ ವಯಸ್ಸಿನಲ್ಲಿ, ಪುಣೆಯ ಕೋಥರೂಡದ ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ, ಮಟಮಟ ಮಧ್ಯಾಹ್ನ, ಹಳೇ ಫಿಯಾಟಿನ ಡ್ರೈವರ್ ಸೀಟನ್ನು ಬೋರಲು ಹಾಕಿ ಅದರ ಮೇಲೆ ಮೊಣಕಾಲೂರುವುದು ಅವಳ ಹಣೆಯಲ್ಲಿ ಬರೆದಿತ್ತು.

ಇಪ್ಪತ್ತು ವರ್ಷ ಇನ್ಶೂರೆನ್ಸ್ ಕಂಪನಿಗಳಿಗೆ ಸುಳ್ಳು ಕ್ಲೇಮುಗಳನ್ನು ಹುಡುಕಿಕೊಟ್ಟು, ಈಗ ವಕೀಲರಿಗೆ ಸಾಕ್ಷಿ ಹುಡುಕಿಕೊಡುವ ಕೆಲಸ ಹಿಡಿದಿದ್ದಳು. ಇಷ್ಟು ವರ್ಷದಲ್ಲಿ ಅವಳು ಖಚಿತವಾಗಿ ಪತ್ತೆ ಮಾಡಿದ್ದು ಒಂದೇ: ನಿಜಕ್ಕಿಂತ ಸುಳ್ಳಿಗೆ ಆಯುಷ್ಯ ಜಾಸ್ತಿ, ಹುಡುಕುವವರಿಗೆ ಮಾತ್ರ ಮೊಣಕಾಲು ನೋವು.

ಸ್ಪಂದನಾ ಚೂಪು ಮೂತಿಯ ಪಕ್ಕಡಿನಿಂದ ರೆಕ್ಸಿನ್ನಿನ ಅಂಚಿಗೆ ಕಚ್ಚಿಕೊಂಡಿದ್ದ ತಂತಿಯ ರಿಂಗುಗಳನ್ನು ಒಂದೊಂದಾಗಿ ಅಗಲಿಸುತ್ತಿದ್ದಳು. ಒಂದು ರಿಂಗು ಬಿಚ್ಚಿದರೆ ಒಂದು ಫೋಟೋ. ವಾರದ ದಿನಗಳಲ್ಲಿ ಐಟಿ ಕಂಪನಿಯಲ್ಲಿ ಕೂರುವ ಹುಡುಗಿ. ರಜೆ ಹಾಕಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಸೀಟು ಬಿಚ್ಚುವುದು ಕಲಿತಿದ್ದಳು. ಹಿಂದಿನ ಸೀಟು ಆಗಲೇ ಮುಗಿದಿತ್ತು. ಹೊಲಿಗೆ ಸ್ವಲ್ಪ ಸೊಟ್ಟಗೆ ಬಂದಿತ್ತು, ಅವಳ ಹೆಮ್ಮೆ ಮಾತ್ರ ನೆಟ್ಟಗಿತ್ತು.

"ಅಹೋ ಮ್ಯಾಡಮ್, ಗ್ಯಾರೇಜ್ ಉಘಡ್ಲಂ ಕಾ ಇಥೆ?" ಇಲ್ಲೇ ಗ್ಯಾರೇಜ್ ತೆರೆದಿದ್ದೀರೇನು ಎಂದು ಸೊಸೈಟಿಯ ಕಾರ್ಯದರ್ಶಿ ಎರಡನೇ ಮಹಡಿಯಿಂದಲೇ ಮರಾಠಿಯಲ್ಲಿ ಕೂಗಿ ಕೇಳಿದರು.

"ಸಂಪಲಂಚ್ ಕಾಕಾ, ಪಾಚ್ ಮಿನಿಟ್!" ಎಂದಳು ಸ್ಪಂದನಾ. 'ಮುಗಿದೇ ಹೋಯಿತು' ಎಂದ ಆ ಐದು ನಿಮಿಷ ಶುರುವಾಗಿ ಹನ್ನೊಂದು ದಿನವಾಗಿತ್ತು.

ಸೀಟಿನ ಅಂಗಡಿಗೆ ಕೊಟ್ಟರೆ ಒಂದೇ ದಿನದ ಕೆಲಸ. ಆದರೆ ಅಂಗಡಿಯವನು ಹಳೆಯದನ್ನೆಲ್ಲ ಕಿತ್ತು ಕಸಕ್ಕೆ ಎಸೆಯುತ್ತಾನೆ, ಅವಳಿಗೆ ಆ ಹಳೆಯದೇ ಬೇಕಾಗಿತ್ತು. ಎರಡು ವರ್ಷದ ಹಿಂದೆ, ಜನವರಿಯ ಒಂದು ನಸುಕಿನಲ್ಲಿ ಇದೇ ಕಾರು ಬಡಿದು ಹಾಲಿನವನೊಬ್ಬ ಸತ್ತಿದ್ದ. ಮಾಲೀಕ ಬಸವಪ್ರಭು ಮನೆಯ ಉಪ್ಪಿನ ಋಣಕ್ಕೆ 'ಓಡಿಸಿದ್ದು ನಾನೇ' ಎಂದು ಒಪ್ಪಿಕೊಂಡ ಡ್ರೈವರ್ ಮುನಿಸ್ವಾಮಿ, ಆಮೇಲೆ ಕೋರ್ಟಿನಲ್ಲಿ 'ನಾನಲ್ಲ' ಎಂದಾಗ ನಂಬುವವರು ಇರಲಿಲ್ಲ. ಅವನು ಜೈಲಿನಲ್ಲಿದ್ದ. ಕಾರು ಗುಜರಿಗೆ ಹೋಗಿತ್ತು. ಆ ಗುಜರಿಯಿಂದ ಅದನ್ನು ಎತ್ತಿಕೊಂಡು ಬಂದವಳು ಅವನ ಮಗಳು ಸ್ಪಂದನಾ.

ಇವತ್ತು ಶುಕ್ರವಾರ. ಸೋಮವಾರ ಕೊನೆಯ ವಾದ. ಅಷ್ಟರೊಳಗೆ ಆ ನಸುಕಿನಲ್ಲಿ ಸ್ಟಿಯರಿಂಗ್ ಹಿಡಿದವರು ಬೇರೆ ಯಾರೋ ಎಂದು ತೋರಿಸದಿದ್ದರೆ ಮುನಿಸ್ವಾಮಿಯ ಕಥೆ ಮುಗಿದಂತೆ.

"ಅಪ್ಪ ಹೊರಗೆ ಬಂದ ದಿನ ಇದೇ ಸೀಟಲ್ಲಿ ಕೂರಿಸ್ತೀನಿ ಅಕ್ಕ. ಅದಕ್ಕೇ ಒಳ್ಳೆ ಫೋಮ್ ತಂದಿದೀನಿ."

"ಮೊದಲ ಹೊರಗ ಬರಲಿ ತಂಗಿ. ಫೋಮ್ ಎಲ್ಲೂ ಓಡಿ ಹೋಗೂದಿಲ್ಲ."

ನೀತಾಳ ಮಾತು ಅಲ್ಲಿಗೇ ನಿಂತಿತು. ಸೀಟಿನ ತಳಕ್ಕೆ ಹೊಡೆದಿದ್ದ ಗೋಣಿತಟ್ಟಿನ ಮೂಲೆಯಲ್ಲಿ ಇಲಿ ಕೊರೆದ ತೂತು. ಸೀಟು ಹಾಳಾಗಲು ಶುರುವಾದದ್ದೇ ಅಲ್ಲಿಂದ. ಇಡೀ ಕಾರಿನಲ್ಲಿ ಇಲಿ ಬಾಯಿ ಹಾಕಿದ್ದು ಈ ಒಂದೇ ಜಾಗಕ್ಕೆ.

"ಇಲ್ಲೇ ಯಾಕ?" ಎಂದಳು ನೀತಾ, ಇಲಿಯನ್ನೇ ವಿಚಾರಣೆಗೆ ಕರೆದವಳಂತೆ.

ಕನ್ನಡಕ ಏರಿಸಿಕೊಂಡು ಬಗ್ಗಿದಳು. ತಟ್ಟಿನ ಮೂರು ಬದಿಗೆ ತಂತಿಯ ರಿಂಗು. ನಾಲ್ಕನೆಯ ಬದಿಗೆ ಮಾತ್ರ ಕೈಹೊಲಿಗೆ. ಬಿಳಿ ನೂಲಿನ ದಾರ, ಎರಡೆಳೆ. ಅಕ್ಕಿಕಾಳಿನಷ್ಟು ಉದ್ದದ ಟಾಕು, ಒಂದರ ಹಿಂದೊಂದು, ಇರುವೆ ಸಾಲಿನ ಹಾಗೆ. ಅದರ ಪಕ್ಕ ಒಂದು ಬೆರಳು ಬಿಟ್ಟು ಅಂಥದೇ ಇನ್ನೊಂದು ಸಾಲು.

"ಎಷ್ಟು ನೀಟಾಗಿದೆ! ನನ್ ಕೈಲಿ ಮಷಿನ್‌ನಲ್ಲೂ ಹಿಂಗೆ ಬರಲ್ಲ" ಎಂದಳು ಸ್ಪಂದನಾ.

"ಸೀಟಿನ ಅಂಗಡಿಯಂವ ಇಂಥಾ ದಾರ ಮುಟ್ಟೂದಿಲ್ಲ. ಅಂವಂದು ನೈಲಾನ್ ದಾರ, ಡೊಂಕ ಸೂಜಿ. ಇದು ಮನಿ ಹೊಲಿಗಿ. ಕತ್ತರಿ ಕೊಡು."

ದಾರ ಕತ್ತರಿಸಿ ತಟ್ಟು ಸರಿಸಿದಾಗ ತೆಂಗಿನ ನಾರಿನ ಧೂಳು ಮೂಗಿಗೆ ಬಡಿಯಿತು. ಸ್ಪ್ರಿಂಗಿನ ಸುರುಳಿಗಳ ನಡುವೆ, ಅಂಗೈಯಷ್ಟು ಖಣದ ಬಟ್ಟೆಯ ಗಂಟು. ಅದರ ಪಕ್ಕ ತಂತಿಯ ಹಿಂದೆ ಸಿಕ್ಕಿಕೊಂಡು, ಇಲಿ ಅರ್ಧ ತಿಂದು ಅರ್ಧ ನಿಲುಕದೆ ಬಿಟ್ಟಿದ್ದ ಒಂದು ತೆಳ್ಳಗಿನ ಚೂರು.

"ಏನಕ್ಕ ಇದು, ಬಿಸ್ಕೆಟ್ಟಾ?"

ನೀತಾ ಮೂಸಿ ನೋಡಿದಳು. ಎರಡು ವರ್ಷದ ಮುಗ್ಗಲು ವಾಸನೆ. ಆದರೂ ಮೇಲೆ ಅಂಟಿದ್ದ ಬಿಳಿ ಕಾಳು ಎಳ್ಳು ಎಂದು ಗುರುತು ಸಿಗುತ್ತಿತ್ತು.

"ಸಜ್ಜಿ ರೊಟ್ಟಿ. ಕಟಕ ಆಗೂ ಹಂಗ ಬೇಯಿಸಿದ್ದು. ಎಳ್ಳ ಹಚ್ಚ್ಯಾರ ಅಂದ್ರ ಸಂಕ್ರಾಂತಿ ವ್ಯಾಳ್ಯಾದ್ದು. ಪೊಲೀಸರು ಗಾಡಿ ತಿರುಗಿ ಕೊಟ್ಟಿದ್ದು ಯಾವಾಗ?"

"ಜನವರಿ ಹನ್ನೆರಡು... ಅಕ್ಕಾ, ಅಂದ್ರೆ ಪೊಲೀಸ್ರು ಹುಡುಕಿ ಮುಗಿಸಿದ್ಮೇಲೆ ಯಾರೋ ಇದನ್ನ ಇಟ್ಟಿದಾರೆ!"

ಅಷ್ಟರಲ್ಲಿ ಅವಳೇ ಖಣದ ಗಂಟು ಬಿಚ್ಚಿದ್ದಳು. ಒಳಗೆ ಒಂದು ಕನ್ನಡಕ. ಕಂದು ಫ್ರೇಮು, ದಪ್ಪ ಗಾಜು. ಎಡಗಾಲು ಮುರಿದಿತ್ತು, ಮುರಿದಲ್ಲಿ ಅದೇ ಬಿಳಿ ದಾರ ಸುತ್ತಿ ಬಿಗಿದಿದ್ದರು.

ನೀತಾ ಅದನ್ನು ಕಣ್ಣ ಮುಂದೆ ಹಿಡಿದಳು. ಎದುರಿನ ಕಂಬ ಬೆಂಕಿಕಡ್ಡಿಯಷ್ಟಾಯಿತು. ಇದನ್ನು ಹಾಕುವವರಿಗೆ ಇದಿಲ್ಲದೆ ದೂರದ್ದೇನೂ ಕಾಣುವುದಿಲ್ಲ.

"ಸ್ವಪ್ನಿಲ್!" ಸ್ಪಂದನಾಳ ಧ್ವನಿ ಪಾರ್ಕಿಂಗ್ ತುಂಬ ಕೇಳಿಸಿತು. "ಓನರ್ ಮಗ! ಅವನ ಯಾವ ಫೋಟೋ ನೋಡಿದ್ರೂ ಇಷ್ಟ್ ದಪ್ಪ ಕನ್ನಡಕ ಇರತ್ತೆ. ಗಾಡಿ ಗುದ್ದಿದಾಗ ಬಿದ್ದಿದೆ, ಮನೆಯವ್ರು ಮುಚ್ಚಿಟ್ಟಿದಾರೆ. ಪ್ರೂಫ್ ಅಕ್ಕ ಇದು, ಪ್ರೂಫ್!"

"ನಿಮ್ಮ ಅಪ್ಪಾ ಕನ್ನಡಕ ಹಾಕ್ತಿದ್ರೇನು?"

"ಇಲ್ಲಪ್ಪ. ನಾನು ಅಜ್ಜಿ ಜೊತೆ ಕೋಲಾರದಲ್ಲಿ ಬೆಳೆದಿದ್ದು, ನಿಜ. ಆದ್ರೆ ಅಪ್ಪ ವರ್ಷಕ್ಕೆ ಎರಡು ಸಲ ಬರೋರು, ಒಂದಿನಾನೂ ಕನ್ನಡಕ ನೋಡಿಲ್ಲ. ಈಗ ಜೈಲಲ್ಲಿ ಇದ್ದು ಇದ್ದು ಪಾಪ ಮಂಕಾಗ್ಬಿಟ್ಟಿದಾರೆ. ನಾನು ಹೋದ್ರೆ ಯಾರೋ ಅನ್ನೋ ಥರ ನೋಡ್ತಾರೆ. ಮಾತಾಡಿದ್ಮೇಲೇ ನಗೋದು."

ನೀತಾಳ ಗಮನ ರೊಟ್ಟಿಯ ಮೇಲಿತ್ತು. ವಿಜಯಪುರದ ಅವಳ ಅಜ್ಜಿ ಹರಕು ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ನಾಲ್ಕನೇ ಮೂಲೆ ಮುಚ್ಚುವ ಮುಂಚೆ ಅಡುಗೆಮನೆಯಿಂದ ಒಂದು ಚೂರು ರೊಟ್ಟಿ ತಂದು ಒಳಗೆ ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಬಿಡಬಾರದು. ಬಿಟ್ಟರೆ ಹೊದ್ದವರ ಹೊಟ್ಟೆಯೂ ಖಾಲಿ ಎಂದು.

ಕಳ್ಳತನದಲ್ಲಿ ಕಾರಿನ ಸೀಟು ಹೊಲಿಯುವಾಗಲೂ ಹೊಟ್ಟೆ ತುಂಬಿಸದೆ ಮುಚ್ಚಲಾಗದ ಒಂದು ಕೈ. ಅಂಥ ಕೈ ಬಸವಪ್ರಭು ಮನೆಯಲ್ಲಿ ಒಂದೇ ಇತ್ತು.

"ನಾ ಸದಾಶಿವ ಪೇಠಕ್ಕ, ಓನರ್ ಮನಿಗೆ ಹೋಗಿ ಬರ್ತೀನಿ" ಎಂದು ನೀತಾ ರೊಟ್ಟಿಯ ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದಳು. ಮೊಣಕಾಲು ಲಟಕ್ಕೆಂದಿತು. "ನಾ ಫೋನ್ ಮಾಡೂತನಕ ಆ ಕನ್ನಡಕ ಯಾರ ಕೈಗೂ ಕೊಡಬ್ಯಾಡ. ತಿಳೀತಾ?"

"ಸರಿ ಅಕ್ಕ" ಎಂದಳು ಸ್ಪಂದನಾ. ಕಣ್ಣು ಮಾತ್ರ ಕನ್ನಡಕದ ಮೇಲೇ ಇತ್ತು.

* * *

ಮಧ್ಯಾಹ್ನದ ಹೊತ್ತು ಸದಾಶಿವ ಪೇಠ ಬಾಗಿಲು ಹಾಕಿ ಮಲಗಿರುತ್ತದೆ. ಆ ಹೊತ್ತಿಗೆ ಬಂದದ್ದೂ ಅದಕ್ಕೇ. ಹೋದ ವಾರ ಬಸವಪ್ರಭು ಅವಳ ಮುಖದ ಮೇಲೆ ಬಾಗಿಲು ಹಾಕಿದ್ದ. ಅಷ್ಟರೊಳಗೇ ಪಡಸಾಲೆಯಲ್ಲಿ ಕೌದಿ ಹೊಲಿಯುವ ಮುದುಕಿ ಅವಳ ಕಣ್ಣಿಗೆ ಬಿದ್ದಿದ್ದಳು. ಈಗ ಅವನು ಬಟ್ಟೆ ಅಂಗಡಿಯಲ್ಲಿರುತ್ತಾನೆ, ನಾಲ್ಕು ಗಂಟೆಗೆ ಚಹಾಕ್ಕೆ ಮನೆಗೆ ಬರುತ್ತಾನೆ. ಮೂರೂ ಇಪ್ಪತ್ತಕ್ಕೆ ನೀತಾ ಸ್ಕೂಟರ್ ನಿಲ್ಲಿಸಿ, ಫೋನಿನ ಸದ್ದು ಅಡಗಿಸಿ, ತೊಟ್ಟಿಮನೆಯಂಥ ಹಳೇ ವಾಡೆಯೊಳಗೆ ಕಾಲಿಟ್ಟಳು.

ಪಡಸಾಲೆಯಲ್ಲಿ ನಾಗವ್ವ ಒಬ್ಬಳೇ ಇದ್ದಳು. ಬಸವಪ್ರಭುವಿನ ಅಕ್ಕ, ಗಂಡ ತೀರಿದ ಮೇಲೆ ಗದಗದಿಂದ ಬಂದು ಮೂವತ್ತು ವರ್ಷದಿಂದ ತಮ್ಮನ ಮನೆಯಲ್ಲೇ ಇದ್ದವಳು. ಕಾಲು ಚಾಚಿ, ತೊಡೆಯ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಸೂಜಿ ದಾರದ ತಗಡಿನ ಡಬ್ಬಿ. ಮೂರು ಮೂಲೆ ಮುಗಿದಿದ್ದವು.

"ಯಾರವಾ ನೀ?"

"ನೀತಾ ಅಂತ್ರಿ, ನಿಮ್ಮ ಕಡಿಯಾಕಿನ. ಕೌದಿ ಭಾಳ ಛಂದ ಹೊಲೀತೀರಿ ಅಂತ ಕೇಳಿದ್ದೆ."

"ಯಾರ ಹೇಳ್ಯಾರ? ಈ ಪುಣೇದಾಗ ಕೌದಿ ಯಾರಿಗೆ ಬೇಕಾಗ್ಯಾದ? ಎಲ್ಲಾರಿಗೂ ಮಶೀನಿನ ರಜಾಯಿ ಬೇಕು, ಮಶೀನಿನ ನಿದ್ದಿ ಬೇಕು." ನಾಗವ್ವ ತಲೆ ಎತ್ತಲಿಲ್ಲ. "ಕೂಡ್ರು. ಮಣಕಾಲ ಬ್ಯಾನಿ ಅದ ಏನ? ನಿಂತ ರೀತಿ ನೋಡಿದ್ರ ಗೊತ್ತಾಗತದ."

ನೀತಾ ಕಂಬಕ್ಕೆ ಒರಗಿ ಕೂತಳು. ಟಾಕು ನೋಡಿದಳು. ಅಕ್ಕಿಕಾಳಿನಷ್ಟು. ಇರುವೆ ಸಾಲು. ಇನ್ನು ಸುತ್ತಿ ಬಳಸಿ ಮಾತಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕರವಸ್ತ್ರ ಬಿಚ್ಚಿ ರೊಟ್ಟಿಯ ಚೂರನ್ನು ಕೌದಿಯ ಮೇಲೆ ಇಟ್ಟಳು.

ಸೂಜಿ ನಿಂತಿತು.

"ಏನಿದು?"

"ನೀವ ಹೇಳ್ರಿ ಅವ್ವಾರ."

"ರೊಟ್ಟಿ ಚೂರು. ಸಜ್ಜಿ ರೊಟ್ಟಿ ಊರ ಮಂದಿ ಎಲ್ಲಾ ಮಾಡ್ತಾರ."

"ಮಾಡ್ತಾರ. ಆದ್ರ ಊರ ಮಂದಿ ಅದನ್ನ ಕಾರಿನ ಸೀಟಿನ ಹೊಟ್ಟ್ಯಾಗ ಇಟ್ಟು ಹೊಲಿಯೂದಿಲ್ರಿ."

ನಾಗವ್ವನ ಮುಖದಲ್ಲಿ ಹೆದರಿಕೆ ಬರುತ್ತದೆ ಎಂದು ನೀತಾ ಕಾದಳು. ಬಂದದ್ದು ಬೇಸರ.

"ಹಾಳ ಕೈ" ಎಂದಳು ನಾಗವ್ವ, ತನ್ನ ಬಲಗೈಯನ್ನೇ ಬೈಯುತ್ತ. "ಇಡಬ್ಯಾಡ ಅಂದ್ರೂ ಇಟ್ಟಿತು. ಎಪ್ಪತ್ತ ವರ್ಷದ ರೂಢಿ. ಅವತ್ತ ಸಂಕ್ರಾಂತಿ ಹಿಂದಿನ ದಿನ, ಭೋಗಿ ಇತ್ತು, ಸೆರಗಿನ್ಯಾಗ ರೊಟ್ಟಿ ಇತ್ತು, ಖಾಲಿ ಹೊಟ್ಟಿ ಮುಚ್ಚಾಕ ಮನಸ ಬರಲಿಲ್ಲ."

"ಇಲಿ ವಾಸನಿ ಹಿಡದು ಬಂದು ತೂತ ಮಾಡ್ಯಾದ್ರಿ. ಇಲ್ಲಾಂದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ಇಲಿಗೆ ಇರೂ ಬುದ್ಧಿ ಪೊಲೀಸರಿಗೆ ಇರಲಿಲ್ಲ ನೋಡು."

ನಗು ಬರುವ ಮಾತೇ. ಇಬ್ಬರೂ ನಗಲಿಲ್ಲ. ನೀತಾ ಫೋನಿನಲ್ಲಿ ಕನ್ನಡಕದ ಫೋಟೋ ತೆಗೆದು ಮುಂದೆ ಹಿಡಿದಳು.

"ಅಳಿಯನ್ನ ಉಳಿಸಾಕ ಇದನ್ನ ಮುಚ್ಚಿಟ್ರಿ. ಅಲ್ಲೊಬ್ಬ ಬ್ಯಾರೇದಾಂವ ಎರಡ ವರ್ಷದಿಂದ ಜೈಲಿನ್ಯಾಗ ಕುಂತಾನ. ಸ್ವಪ್ನಿಲಂದಲ್ಲೇನ್ರಿ ಈ ಕನ್ನಡಕ?"

ನಾಗವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ದಾರ ಸುತ್ತಿದ ಎಡಗಾಲಿನ ಮೇಲೆ ಬೆರಳು ಸವರಿದಳು.

"ಸ್ವಪ್ನಿಲನ ಕನ್ನಡಕಕ್ಕ ನಾ ಯಾಕ ದಾರ ಸುತ್ತಲಿ ಯವ್ವಾ? ಅಂವಂದು ಮುರದ್ರ ಸಂಜಿಕೆ ಹೊಸಾದು ಬರತದ. ದಾರ ಸುತ್ತಿಸಿಗೊಳ್ಳಾಂವ ಈ ಮನ್ಯಾಗ ಒಬ್ಬಾವನ ಇದ್ದ."

"ಯಾರ್ರಿ?"

"ಮುನಿಸ್ವಾಮಿ."

ನೀತಾಳಿಗೆ ಸ್ಪಂದನಾಳ ಮಾತು ನೆನಪಾಯಿತು. ಮಗಳನ್ನು ಯಾರೋ ಎಂಬಂತೆ ನೋಡುವ ಅಪ್ಪ. ಮಾತಾಡಿದ ಮೇಲೆ ಮಾತ್ರ ನಗುವ ಅಪ್ಪ. ಮಂಕು ಬಡಿದದ್ದಲ್ಲ. ಅವನಿಗೆ ಕಾಣುತ್ತಿರಲಿಲ್ಲ.

"ಕಡೀಕಿನ ಮೂರ ವರ್ಷ ಅಂವಗ ದೂರಂದು ಏನೂ ಕಾಣತಿದ್ದಿಲ್ಲ" ಎಂದಳು ನಾಗವ್ವ. "ಗೊತ್ತಾದ್ರ ಕುಡ್ಡ ಡ್ರೈವರ್ ಅಂತ ಕೆಲಸದಿಂದ ತಗೀತಾರ ಅಂತ ಹೆದರತಿದ್ದ. ವಾಡೇದ ಬಾಗಲಾ ದಾಟಿದ ಮ್ಯಾಲೆ ಕಿಸೇದಾಗಿಂದ ತಗದು ಹಾಕ್ಕೊಳ್ಳಾಂವ. ನನ್ನ ತಮ್ಮ ಹಿಂದ ಕುಂತು ಫೋನ್ ಬಿಟ್ಟು ತಲಿ ಎತ್ತಿದ್ರ ತಾನ ಕಾಣೂದು."

"ಅಂದ್ರ ಅವತ್ತ ಗಾಡಿ..."

"ಕೇಳು ಪೂರಾ. ಹಿಂದಿನ ದಿನ ಸಂಜಿಕೆ ಕನ್ನಡಕದ ಕಾಲ ಮುರಕೊಂಡು ಬಂದಾ. 'ನಾಗಕ್ಕಾ, ದಾರ ಸುತ್ತಿ ಇಡು, ಬೆಳಿಗ್ಗೆ ತಗೋತೀನಿ' ಅಂದ. ನಸಿಕಿನ್ಯಾಗ ಗಾಡಿ ಹೊರಗ ಹೋಗೂದು ಕೇಳಿ ನಾ ಎದ್ದೆ. ಕನ್ನಡಕ ಈ ಡಬ್ಬ್ಯಾಗ ಇತ್ತು. ಕನ್ನಡಕ ಇಲ್ಲದ ಅಂವ ಈ ಬೀದಿ ಸೈತ ದಾಟೂದಿಲ್ಲ, ಗಾಡಿ ಎಲ್ಲಿ ಹೊಡೀತಾನ?"

"ಇದನ್ನ ಎರಡ ವರ್ಷದಾಗ ಒಂದ ಸರ್ತಿ ಕೋರ್ಟಿನ್ಯಾಗ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ಏನಂತಾರ? ಕುಡ್ಡ, ಕನ್ನಡಕಾನೂ ಇಲ್ಲದ ಹೊಡದು ಮನಿಷಾನ್ನ ಕೊಂದಾನ ಅಂತಾರ. ಗಾಡ್ಯಾಗ ಇತ್ತು ಅಂದ್ರ ಅಂವ ಅಲ್ಲಿ ಕುಂತಿದ್ದ ಅಂತಾರ. ಹ್ಯಾಂಗ ಹೇಳಿದ್ರೂ ಅಂವನ ಕುತ್ತಿಗೀಗೇ."

ಕೋರ್ಟು ಮೆಟ್ಟಿಲು ಹತ್ತದ ಮುದುಕಿ, ಕೋರ್ಟಿನ ಲೆಕ್ಕ ಸರಿಯಾಗಿಯೇ ಹಾಕಿದ್ದಳು.

"ಹೊಳ್ಯಾಗ ಒಗದಿದ್ರ ಮುಗೀತಿತ್ತಲ್ರಿ."

"ಒಬ್ಬಾವನ ಕಣ್ಣ ಅದು ಯವ್ವಾ. ಕಣ್ಣ ಒಗೀತಾರೇನು? ಪೊಲೀಸರು ಒಮ್ಮಿ ಹುಡಿಕಿದ ಜಾಗಾ ಮತ್ತ ಹುಡುಕೂದಿಲ್ಲ, ಅದಕ್ಕ ಅಲ್ಲಿಟ್ಟೆ. ಇಪ್ಪತ್ತೆರಡ ವರ್ಷ ಅಂವ ಕುಂತ ಸೀಟು."

"ಕೀಲಿ ಯಾರ ಒಯ್ದಿದ್ರು ಅವ್ವಾರ? ಆ ನಸಿಕಿನ್ಯಾಗ?"

ನಾಗವ್ವನ ಕಣ್ಣು ತಗಡಿನ ಡಬ್ಬಿಯ ಕಡೆ ಒಮ್ಮೆ ಹೋಗಿ ಬಂತು.

ನೀತಾಳ ಕೈಯಲ್ಲಿದ್ದ ಫೋನು ಬೆಳಗಿತು. ಸ್ಪಂದನಾ. ಅದಕ್ಕೂ ಮುಂಚೆ ಏಳು ಸಲ ಮಾಡಿದ್ದಳು.

"ಅಕ್ಕಾ! ಎಲ್ಲಿ ಹೋಗ್ಬಿಟ್ರಿ? ಶಿವಾಜಿನಗರದಲ್ಲಿದೀನಿ!" ಸುತ್ತ ಬಸ್ಸು, ಹಾರ್ನು, ಅವಳ ಏದುಸಿರು. "ವಕೀಲ್ರಿಗೆ ಫೋನ್ ಮಾಡ್ದೆ. ನಾಳೆ ನಾಡಿದ್ದು ರಜ, ಇವತ್ತೇ ಕೊಟ್ಬಿಡಿ ಅಂದ್ರು. ಕೇಸಿನ ಪೊಲೀಸ್ ಸಾಹೇಬ್ರ ಕೈಗೇ ಕನ್ನಡಕ ಕೊಟ್ಟು ಬಂದೆ!"

"ಸ್ಪಂದನಾ, ನಾ ನಿನಗ ಏನ ಹೇಳಿದ್ದೆ?"

"ಗೊತ್ತು ಅಕ್ಕ, ಬೈಬೇಡಿ. ಸ್ಟೇಟ್‌ಮೆಂಟ್ ಕೂಡ ಕೊಟ್ಟೆ. ನಾನೇ ಬರ್ದೆ, ಕೇಳಿ: 'ಈ ಕನ್ನಡಕ ಡ್ರೈವರ್ ಸೀಟಿನೊಳಗೆ ನನ್ನ ಕೈಗೇ ಸಿಕ್ಕಿದೆ. ಇದು ಯಾರದೋ, ಆ ದಿನ ಗಾಡಿ ಓಡಿಸಿದವರು ಅವರೇ.' ಸೈನ್ ಮಾಡಿದೀನಿ. ಕನ್ನಡಕದ ಅಂಗಡಿಗಳಲ್ಲಿ ವಿಚಾರಿಸಿ ಸೋಮವಾರದೊಳಗೆ ಯಾರದ್ದು ಅಂತ ಹೇಳ್ತಾರಂತೆ. ಅಕ್ಕಾ... ಅಪ್ಪ ಮನೆಗೆ ಬರ್ತಾರೆ!"

"ರೂಮಿಗೆ ಹೋಗು. ನಾ ಬರ್ತೀನಿ" ಎಂದಷ್ಟೇ ಹೇಳಿ ನೀತಾ ಫೋನಿಟ್ಟಳು.

ಆ ಹುಡುಗಿಯ ಧ್ವನಿ ಸಣ್ಣದಲ್ಲ. ನಾಗವ್ವನಿಗೆ ಎಲ್ಲ ಕೇಳಿಸಿತ್ತು.

"ಅಂವನ ಮಗಳೇನು?"

"ಹೌದ್ರಿ."

"ತನ್ನ ಕೈಲೇ ಬರದು ಕೊಟ್ಳೇನು?"

"ಹೌದ್ರಿ ಅವ್ವಾರ. ಇನ್ನ ನಿಮ್ಮ ಬಾಯಿ ಒಂದ ಉಳದದ. ಕನ್ನಡಕ ನಿಮ್ಮ ಡಬ್ಬ್ಯಾಗ ಇತ್ತು ಅಂತೂ ಹೇಳಬೇಕು, ಕೀಲಿ ಯಾರ ಒಯ್ದ್ರು ಅಂತೂ ಹೇಳಬೇಕು. ಎರಡರಾಗ ಒಂದ ಹೇಳಿದ್ರ ಅಂವ ಉಳಿಯೂದಿಲ್ಲ."

ಹೊರಗೆ ಸ್ಕೂಟರ್ ನಿಂತ ಸದ್ದು. ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಇನ್ನೂ ಹತ್ತು ನಿಮಿಷವಿತ್ತು. ಬಸವಪ್ರಭು ಇವತ್ತು ಬೇಗ ಬಂದಿದ್ದ.

ನಾಗವ್ವನ ಕೈ ಒಮ್ಮೆಲೇ ಚುರುಕಾಯಿತು. ರೊಟ್ಟಿಯ ಚೂರು ಎತ್ತಿಕೊಂಡಿತು. ಡಬ್ಬಿಯೊಳಗೆ ಹೋಗಿ ಮುಷ್ಟಿ ಕಟ್ಟಿಕೊಂಡು ಬಂತು. ಕೌದಿಯ ನಾಲ್ಕನೇ ಮೂಲೆಯೊಳಗೆ ಇಳಿಯಿತು. ನೀತಾ "ಅವ್ವಾರ, ಅದು ನನಗ ಬೇಕು" ಎನ್ನುವಷ್ಟರಲ್ಲಿ ಸೂಜಿ ಓಡತೊಡಗಿತ್ತು. ಒಂದು, ಎರಡು, ನಾಲ್ಕು, ಎಂಟು ಟಾಕು. ನಾಗವ್ವನನ್ನು ಸೀಟಿಗೆ ಜೋಡಿಸುವ ಸಾಕ್ಷಿ ಕಣ್ಣೆದುರೇ ಕೌದಿಯ ಹೊಟ್ಟೆ ಸೇರಿತು.

"ಸೋಮವಾರ ಎಷ್ಟಕ್ಕ?" ನಾಗವ್ವನ ತುಟಿ ಅಲುಗಿದಂತೆಯೇ ಕಾಣಲಿಲ್ಲ.

"ಹನ್ನೊಂದಕ್ಕರಿ."

ಬಸವಪ್ರಭು ಹೊಸ್ತಿಲಲ್ಲಿ ನಿಂತಿದ್ದ. ಬಿಳಿ ಅಂಗಿ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ಬೆವರಿಗೆ ಅಳಿಸಿದ ವಿಭೂತಿ. ನೀತಾಳನ್ನು ನೋಡಿ ಅವನು ಸಿಟ್ಟಾಗಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ; ಶಿವಾಜಿನಗರದ ಸುದ್ದಿ ಆಗಲೇ ಅವನಿಗೆ ಮುಟ್ಟಿರಬೇಕು.

"ಯಾರ ಬಂದಾರಕ್ಕಾ?"

"ಕೌದಿ ಒಯ್ಯಾಕ ಬಂದಾರಪ್ಪಾ. ಈಗ ಮುಗೀತು ನೋಡು." ನಾಗವ್ವ ದಾರವನ್ನು ಹಲ್ಲಿನಿಂದ ಕಡಿದಳು.

"ಛಲೋ ಆತು. ಇವತ್ತ ಒಯ್ದ ಬಿಡ್ರಿ ಬಾಯಾರ." ಬಸವಪ್ರಭು ಚಪ್ಪಲಿ ಬಿಡುತ್ತ ನಕ್ಕ. "ಮತ್ತ ಕೌದಿ ಸಿಗೂದಿಲ್ಲ. ಅಕ್ಕ ನಾಳೆ ಮುಂಜಾನೆ ಊರಿಗೆ ಹೊಂಟಾಳ. ಇನ್ನ ಅಲ್ಲೇ ಇರ್ತಾಳ."

ನಾಗವ್ವ ತಮ್ಮನನ್ನು ನೋಡಿದಳು. ಊರಿಗೆ ಹೊರಟ ಸುದ್ದಿ ಅವಳಿಗೆ ಅದೇ ಮೊದಲು ಕೇಳಿದ್ದು ಎಂದು ತಿಳಿಯಲು ಪತ್ತೇದಾರಿಕೆ ಬೇಕಿರಲಿಲ್ಲ.

ಅವಳು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಎರಡೂ ಕೈಯಿಂದ ನೀತಾಳ ಮಡಿಲಿಗೆ ಇಟ್ಟಳು. "ಹೊಟ್ಟಿ ತುಂಬಸೇನಿ ಯವ್ವಾ. ಜೋಪಾನ."

ನೀತಾ ಬೀದಿಗೆ ಬಂದು ಸ್ಕೂಟರಿನ ಮೇಲೆ ಕೂತಳು. ತಡೆಯಲಾರದೆ ನಾಲ್ಕನೇ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ರೊಟ್ಟಿ ಪಟಕ್ಕನೆ ಮುರಿಯಿತು.

ಅದರ ಕೆಳಗಿದ್ದದ್ದು, ಕೀಲಿಯ ಹಲ್ಲಿನಂತೆ ಬೆರಳಿಗೆ ಒತ್ತಿದ್ದು, ಮುರಿಯಲಿಲ್ಲ.